ಅಕ್ಕನ ಬದಲು ಮರಳು ಮೂಟೆ

ಮಾರ್ಚ್ 2, ಶನಿವಾರ

ಮುಂದಿನ ಪೀಳಿಗೆಗಳು ಈ ದಿನವನ್ನು ಮರೆಯದಿರಲಿ ಎಂಬ ಸದುದ್ದೇಶದಿಂದ ಬರೆಯುತ್ತಿದ್ದೇನೆ. ಇಂದು ಬೆಳಿಗ್ಗೆ, ತಿಂಡಿಯ ಮೇಜಿನ ಮುಂದೆ, ಸಕ್ಕರೆ ಡಬ್ಬಿಯ ಸಾಕ್ಷಿಯಲ್ಲಿ, ನನ್ನನ್ನು ಮರಳು ಮೂಟೆಯ ಹುದ್ದೆಗೆ ನೇಮಿಸಲಾಯಿತು.

ಹಿನ್ನೆಲೆ ಹೀಗಿದೆ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ಇಪ್ಪತ್ತು ವರ್ಷ ಗಂಭೀರ. ಕಳೆದ ವರ್ಷ ಮೆಡಿಕಲ್ ಕಾಲೇಜಿನ ಸಂದರ್ಶನಕ್ಕೆ ಹೋಗಿದ್ದಳು. "ನೀನು ಯಾಕಮ್ಮ ಡಾಕ್ಟರ್ ಆಗಬೇಕು?" ಎಂದು ಕೇಳಿದರಂತೆ. ಇವಳು ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತ ಕೂತಳಂತೆ, ಅವರು "ಸರಿ, ಹೋಗಿ ಬಾ" ಎನ್ನುವವರೆಗೆ. ಅಂದಿನಿಂದ ಮನೆಯಲ್ಲಿ ಯಾರಾದರೂ ಕಾಲೇಜು ಎಂದರೆ ಸಾಕು, ಎದ್ದು ಬಾಲ್ಕನಿಗೆ ಹೋಗಿ ಹಳೇ ಮೀನಿನ ತೊಟ್ಟಿಯ ಮುಂದೆ ಕೂರುತ್ತಾಳೆ. ಅದರಲ್ಲಿ ಮೀನಿಲ್ಲ. ಮಣ್ಣಿದೆ, ಗಾಜಿಗಂಟಿದ ಸುರಂಗಗಳಿವೆ, ಲೆಕ್ಕವಿಲ್ಲದಷ್ಟು ಇರುವೆಗಳಿವೆ. ಚಿಕ್ಕಂದಿನಿಂದಲೂ ಸಾಕುತ್ತಿದ್ದಾಳೆ. ಮನೆಗೆ ಬಂದವರಿಗೆ ನಾವು ಅದನ್ನು "ಗಿಡದ ತೊಟ್ಟಿ, ಗಿಡ ಇನ್ನೂ ಬಂದಿಲ್ಲ" ಎಂದು ಪರಿಚಯಿಸುತ್ತೇವೆ.

ಈ ವರ್ಷದ ಅರ್ಜಿಗಳಿಗೆ ಏಪ್ರಿಲ್ ಕೊನೆಯ ಗಡುವು. ಈ ಸಲವೂ ಹಾಕದಿದ್ದರೆ ಇನ್ನು ಯಾವತ್ತೂ ಹಾಕುವುದಿಲ್ಲ ಎಂಬುದು ಅಮ್ಮನ ಭಯ.

"ಒಬ್ಬ ಒಳ್ಳೇ ಅಡ್ಮಿಷನ್ ಕನ್ಸಲ್ಟೆಂಟ್ ಹತ್ತಿರ ಹೋಗೋಣ," ಅಂದಳು ಅಮ್ಮ. "ಮೂರು ಜನರನ್ನ ವಿಚಾರಿಸಿದೀನಿ. ಮೊದಲನೇ ಸಲ ಮಾತಾಡೋದು ಬಿಟ್ಟಿಯಂತೆ."

"ಬಿಟ್ಟಿಯಾದ್ರೂ ಬರಲ್ಲ. ಮತ್ತೆ ಇನ್ನೊಬ್ಬರ ಮುಂದೆ ಕೂತು ಯಾಕೆ, ಯಾಕೆ ಅಂತ ಕೇಳಿಸ್ಕೊಳ್ಳೋದು ನನ್ನ ಕೈಲಾಗಲ್ಲ," ಅಂದಳು ಅಕ್ಕ.

ಅಮ್ಮನ ಬಲಗಾಲು ಮೇಜಿನ ಕೆಳಗೆ ಒತ್ತಿಕೊಂಡಿತು. ಅಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಆ ಕಾರುಗಳಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಅಭ್ಯಾಸಬಲ. ಮನೆಯಲ್ಲಿ ಯಾರ ಮಾತು ದಾರಿ ತಪ್ಪಿದರೂ ಆ ಕಾಲು ತಾನಾಗಿ ನೆಲ ಒತ್ತುತ್ತದೆ.

ಅಪ್ಪ ಬ್ರೆಡ್ಡನ್ನು ಚಹಾಕ್ಕೆ ಅದ್ದಿ, ಅದು ಮುರಿದು ಮುಳುಗುವುದನ್ನು ಶಾಂತವಾಗಿ ನೋಡಿದ. ಅಪ್ಪ ಲಿಫ್ಟ್ ಮೆಕ್ಯಾನಿಕ್. ಮುಳುಗುವುದು, ಏಳುವುದು ಅವನಿಗೆ ದಿನನಿತ್ಯದ ಮಾತು.

"ಹೊಸ ಲಿಫ್ಟಿಗೆ ಮೊದಲನೇ ದಿನವೇ ಜನರನ್ನ ಹತ್ತಿಸ್ತಾರಾ? ಮರಳು ಮೂಟೆ ಹಾಕಿ ಮೇಲೆ ಕೆಳಗೆ ಓಡಿಸಿ ನೋಡ್ತೀವಿ. ತಡೀತು ಅಂತಾದ್ಮೇಲೆ ಜನ. ಇವಳನ್ನ ಆಮೇಲೆ ಕಳಿಸೋಣ. ಮೊದಲು ಮೂಟೆ ಕಳಿಸೋಣ."

"ಮೂಟೆ ಅಂದ್ರೆ?" ಕೇಳಿದಳು ಅಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು. ಆ ಗಳಿಗೆಯಲ್ಲಿ ನಾನು ಸಕ್ಕರೆ ಡಬ್ಬಿಗೆ ಉಪ್ಪು ತುಂಬುತ್ತಿದ್ದೆ ಎಂಬುದು ಕೇವಲ ಆಕಸ್ಮಿಕ.

"ರೀ, ಇವಳನ್ನಾ?" ಅಮ್ಮನ ಕಾಲು ಮತ್ತೆ ಬ್ರೇಕ್ ಮೇಲೆ.

"ಒಡೆದ್ರೂ ನಷ್ಟ ಇಲ್ಲ," ಅಂದ ಅಪ್ಪ.

ಅಕ್ಕ ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತೆಂದರೆ ಅಪ್ಪನ ಬ್ರೆಡ್ಡಿನ ಇನ್ನೊಂದು ತುಂಡೂ ಮುಳುಗಿತು. "ನನ್ನ ಕನ್ನಡಕ ಹಾಕ್ಕೊಂಡು ಹೋಗೇ. ನನ್ನ ಮಾರ್ಕ್ಸ್ ಹೇಳು. ಬಾಯಿಗೆ ಬಂದಿದ್ದು ಹೇಳು. ನನ್ನನ್ನ ಮಾತ್ರ ಕರೀಬೇಡಿ."

ಅಕ್ಕನ ಸರ್ಟಿಫಿಕೇಟುಗಳ ನೀಲಿ ಚೀಲವನ್ನು ನನ್ನ ವಶಕ್ಕೆ ಕೊಡಲಾಗಿದೆ. ಅದರೊಳಗೆ ನನ್ನ ಪ್ಲಾಸ್ಟಿಕ್ ಜಿರಳೆಯನ್ನು ಪ್ರತಿಷ್ಠಾಪಿಸಿದ್ದೇನೆ. "ಎಲ್ಲಿ, ಸರ್ಟಿಫಿಕೇಟ್ ತೋರಿಸಮ್ಮ" ಎನ್ನುವ ಮೊದಲ ಮಹಾನುಭಾವರಿಗೆ ಅದು ಅರ್ಪಿತ.

ಮಾರ್ಚ್ 5, ಮಂಗಳವಾರ

ಪ್ರಥಮ ಪರೀಕ್ಷೆ. ಜೊತೆಗೆ ಅಪ್ಪ. ಗಾಜಿನ ಕಚೇರಿ, ಗೋಡೆ ತುಂಬ ಹಲ್ಲು ಬಿಟ್ಟ ವಿದ್ಯಾರ್ಥಿಗಳ ಫೋಟೋ. ಅಕ್ಕನ ಕನ್ನಡಕ ಹಾಕಿದರೆ ಪ್ರಪಂಚ ನೀರಿನಲ್ಲಿ ಕರಗಿದಂತೆ ಕಾಣುತ್ತದೆ. ಒಳಗೆ ಹೋಗುತ್ತಲೇ ಬಗ್ಗಿ ನಮಸ್ಕಾರ ಮಾಡಿದೆ. ಅದು ಕೋಟು ನೇತುಹಾಕುವ ಕಂಬವಾಗಿತ್ತು. ಕನ್ಸಲ್ಟೆಂಟ್ ಅದರ ಪಕ್ಕದಲ್ಲಿದ್ದರು.

"ಅತ್ಯುತ್ತಮ!" ಅಂದರು ಅವರು. "ವಿನಯವಂತೆ! ಏನು ಓದಬೇಕು ಅಂತಿದೀಯ?"

ತಮಾಷೆಗೆ ಬಾಯಿಗೆ ಮೊದಲು ಸಿಕ್ಕಿದ್ದನ್ನು ಹೇಳಿದೆ. "ಇರುವೆ, ಸರ್."

"ಅತ್ಯುತ್ತಮ! ಇರುವೆ ಅಂದ್ರೆ ಶಿಸ್ತು, ಶ್ರಮ, ಒಗ್ಗಟ್ಟು. ಮ್ಯಾನೇಜ್‌ಮೆಂಟ್ ಕೋರ್ಸಿಗೆ ಹಾಕ್ಬಿಡೋಣ."

"ಹೋದ ವರ್ಷ ಸಂದರ್ಶನದಲ್ಲಿ ಬಾಯೇ ಬಿಡಲಿಲ್ಲ, ಸರ್."

"ಅತ್ಯುತ್ತಮ! ಕೇಳಿಸಿಕೊಳ್ಳೋ ಗುಣ!"

"ಮನೇಲಿ ಸಕ್ಕರೆ ಡಬ್ಬಿಗೆ ಉಪ್ಪು ತುಂಬ್ತೀನಿ."

ಅರೆಗಳಿಗೆ ತಡವರಿಸಿದರು. ಗೆದ್ದೆ ಅಂದುಕೊಂಡೆ. "ಅತ್ಯು... ತ್ತಮ. ಹೊಸ ಬಗೆಯ ಚಿಂತನೆ."

ಚೀಲ ಬಿಚ್ಚಲು ಹೇಳಲೇ ಇಲ್ಲ. ಸರ್ಟಿಫಿಕೇಟ್ ನೋಡದೆಯೇ ಅತ್ಯುತ್ತಮ.

ಬಸ್ ಸ್ಟಾಪಿನಲ್ಲಿ ಅಪ್ಪನ ತಾಂತ್ರಿಕ ವರದಿ: "ಎಷ್ಟು ಭಾರ ಹೇರಿದ್ರೂ ಮೇಲಕ್ಕೇ ಹೋಗೋ ಲಿಫ್ಟ್ ಇದು. ಇಂಥದ್ದು ನಿಲ್ಲೋದು ಛಾವಣಿ ಒಡೆದ ಮೇಲೇನೆ. ಬೇಡ."

ಮಾರ್ಚ್ 9

ವಿಶೇಷವಿಲ್ಲ. ಅಮ್ಮನ ಶೂ ಒಳಗೆ ದ್ರಾಕ್ಷಿ. ಅಮ್ಮನ ಅಭಿಪ್ರಾಯವನ್ನು ಇಲ್ಲಿ ದಾಖಲಿಸುವುದಿಲ್ಲ.

ಮಾರ್ಚ್ 12, ಮಂಗಳವಾರ

ದ್ವಿತೀಯ ಪರೀಕ್ಷೆ. ಜೊತೆಗೆ ಅಮ್ಮ. ಈ ಕನ್ಸಲ್ಟೆಂಟಿಗೆ ನಾನಿಟ್ಟ ಹೆಸರು ತಡವಾಯ್ತು ಮೇಡಂ. ಕೂರುವ ಮೊದಲೇ ಗಡಿಯಾರ ನೋಡಿದರು, ಆಮೇಲೆ ನನ್ನ ಮುಖ.

"ಯಾವ ವರ್ಷ ಮುಗಿಸಿದ್ದು? ಹೋದ ವರ್ಷವಾ? ಅಯ್ಯೋ. ತಡವಾಯ್ತು. ಇವಳನ್ನ ಎಂಟನೇ ಕ್ಲಾಸಲ್ಲೇ ಕರ್ಕೊಂಡು ಬರಬೇಕಿತ್ತು ನೀವು."

ಇರುವೆ ಅಂದೆ. ನಗಲೂ ಇಲ್ಲ. "ಅದೆಲ್ಲ ರಜಾ ದಿನಕ್ಕೆ. ಒಂದು ವರ್ಷ ಸುಮ್ಮನೆ ಮನೇಲಿ ಕೂತಿದೀಯಲ್ಲ, ಅದು ದೊಡ್ಡ ಕಪ್ಪು ಚುಕ್ಕೆ. ಮೊದಲು ಅದನ್ನ ಮುಚ್ಚಬೇಕು. ಸಂದರ್ಶನದಲ್ಲಿ ಏನಾಯ್ತು?"

"ಮಾತಾಡಲಿಲ್ಲ."

"ಮಾತಾಡಲಿಲ್ಲ," ಎಂದು ಅವರು ಅಮ್ಮನ ಕಡೆ ತಿರುಗಿ ಹೇಳಿದರು, ನಾನು ಅಲ್ಲಿಲ್ಲವೇನೋ ಎಂಬಂತೆ. "ಕೆಲವು ಮಕ್ಕಳು ಹಾಗೇ. ಒಳಗೆ ಏನೂ ಇರಲ್ಲ. ಇಂಥವರಿಗೆ ಸುಲಭದ್ದೇನಾದ್ರೂ ನೋಡೋಣ. ಯಾಕಮ್ಮ, ಹೇಳು, ಯಾಕೆ ಮಾತಾಡಲಿಲ್ಲ?"

ನನ್ನ ಬತ್ತಳಿಕೆಯಲ್ಲಿ ಉತ್ತರಗಳು ತುಂಬಿ ತುಳುಕುತ್ತಿದ್ದವು. ಗಂಟಲು ನೋವು, ಮೌನವ್ರತ, ಬಾಯಲ್ಲಿ ಚಾಕೊಲೇಟು. ಒಂದೂ ಹೊರಗೆ ಬರಲಿಲ್ಲ. ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಗಾಜಿನ ಗುಂಡೊಂದಿತ್ತು, ಅದನ್ನೇ ನೋಡುತ್ತ ಕೂತೆ. ಕನ್ನಡಕದಿಂದ ತಲೆನೋವು ಬಂದಿರಬೇಕು.

ಅಮ್ಮ ಎದ್ದಳು. "ಆಯ್ತು, ನಾವು ಬರ್ತೀವಿ. ತಡವಾಯ್ತು."

ಕಾರಿನಲ್ಲಿ ಕೂತ ಮೇಲೆ ಬೀಗದ ಕೈ ತಿರುಗಿಸದೆ ಕೇಳಿದಳು, "ಹೋದ ವರ್ಷ ಅವಳೂ ಹೀಗೇ ಕೂತಿದ್ಲಾ?"

"ಇರಬೇಕು. ಅಲ್ಲಿ ಗುಂಡಲ್ಲ, ಲೋಟ."

"ಮೆಡಿಕಲ್ ಅಂತ ಅವಳು ಹೇಳಿದ್ಲಾ, ನಾನು ಹೇಳಿದ್ನಾ?"

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಮರಳು ಮೂಟೆಗಳಿಗೆ ಅಭಿಪ್ರಾಯವಿರುವುದಿಲ್ಲ.

ಜಿರಳೆಯ ವಿಷಯ ನೆನಪೇ ಆಗಲಿಲ್ಲ.

ಮಾರ್ಚ್ 16, ಶನಿವಾರ

ಪಾತ್ರಕ್ಕೆ ತಯಾರಿ ಬೇಕೆಂಬ ಒಂದೇ ಕಾರಣಕ್ಕೆ ಸಂಜೆಯೆಲ್ಲ ಅಕ್ಕನ ಪಕ್ಕದಲ್ಲಿ ತೊಟ್ಟಿ ನೋಡುತ್ತ ಕೂತೆ. ಬೇರೆ ಯಾವ ಕಾರಣವೂ ಇಲ್ಲ.

"ಎದುರಾಬದುರಾ ಸಿಕ್ಕಾಗ ಮೀಸೆ ತಾಗಿಸ್ತಾವಲ್ಲ, ಏನು ಮಾತಾಡ್ತವೆ?"

"ನೀನು ನಮ್ಮ ಮನೆಯವಳಾ ಅಂತ. ವಾಸನೆಯಲ್ಲೇ ಗೊತ್ತಾಗುತ್ತೆ." ಅಕ್ಕ ಗಾಜಿಗೆ ಮೂಗು ತಾಗಿಸಿಕೊಂಡೇ ಮಾತಾಡುತ್ತಾಳೆ. "ಒಳಗೆ ಮರಿಗಳನ್ನ ನೋಡ್ಕೊಳ್ಳೋದು ಚಿಕ್ಕವರು. ಹೊರಗೆ ಹೋಗಿ ಆಹಾರ ತರೋದು ವಯಸ್ಸಾದವರು."

"ಉಲ್ಟಾ ಅಲ್ವಾ?"

"ಹೊರಗೆ ಅಪಾಯ ಜಾಸ್ತಿ. ಹೇಗೂ ಬಾಳಿ ಮುಗಿಸಿರೋರು ಅದಕ್ಕೆ ಹೋಗ್ತಾರೆ."

ಈ ನಿಯಮವನ್ನು ನಮ್ಮ ಮನೆಯಲ್ಲೂ ಜಾರಿಗೆ ತಂದು ಅಂಗಡಿಗೆ ಹೋಗುವ ಕೆಲಸವನ್ನು ಅಪ್ಪನಿಗೆ ವಹಿಸಬೇಕೆಂದು ಮಂಡಿಸಿದೆ. ಅಕ್ಕ ನನ್ನ ತಲೆಗೆ ಮೊಟಕಿದಳು. ಮೊಟಕಿದ್ದು ಮೆಲ್ಲಗೆ.

ಮಾರ್ಚ್ 19, ಮಂಗಳವಾರ

ತೃತೀಯ ಪರೀಕ್ಷೆ. ಅಪ್ಪ ಅಮ್ಮ ಇಬ್ಬರೂ. ಕೊಡೆ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಲಿಫ್ಟಿಲ್ಲ, ಅಪ್ಪನಿಗೆ ಬೇಸರ. ಕುರ್ಚಿಯ ಮೇಲೆ ಬೆಕ್ಕು, ಸ್ಟೂಲಿನ ಮೇಲೆ ಮೇಡಂ. ನಾನು ನೀಲಿ ಚೀಲ ಕೆಳಗಿಟ್ಟ ಕೂಡಲೇ ಬೆಕ್ಕು ಇಳಿದು ಬಂದು ಅದರ ಮೇಲೆ ಮಲಗಿತು. ಅರ್ಪಣೆ ಮತ್ತೆ ಮುಂದಕ್ಕೆ.

"ನೀವಿಬ್ಬರೂ ಮೆಟ್ಟಿಲ ಮೇಲೆ ಕೂತಿರಿ," ಅಂದರು ಬೆಕ್ಕಿನ ಮೇಡಂ. ಅಮ್ಮನ ಕಾಲು ಬ್ರೇಕ್ ಹುಡುಕಿತು. ಅಪ್ಪ ಅವಳ ಕೈ ಹಿಡಿದು ಎಬ್ಬಿಸಿದ.

"ಏನು ಓದಬೇಕು?"

"ಇರುವೆ."

ಅತ್ಯುತ್ತಮ ಅನ್ನಲಿಲ್ಲ. ಗಡಿಯಾರ ನೋಡಲಿಲ್ಲ. "ಯಾವ ಇರುವೆ?" ಅಂದರು.

"ಅಂದ್ರೆ?"

"ನೀನು ನೋಡಿರೋ ಇರುವೆ. ಎಲ್ಲಿರ್ತವೆ, ಏನು ಮಾಡ್ತವೆ?"

ತಮಾಷೆಗೆ ಶುರುಮಾಡಿದೆ. ಎಲ್ಲಿ ತಪ್ಪಿತೋ ಗೊತ್ತಿಲ್ಲ. ತೊಟ್ಟಿಯ ಬಗ್ಗೆ ಹೇಳಿದೆ. ಚಿಕ್ಕವರು ಒಳಗೆ, ಮುದುಕಿಯರು ಹೊರಗೆ ಎಂದೆ. ಒಮ್ಮೆ ಮನೆಗೆ ಬಣ್ಣ ಹೊಡೆದಾಗ ವಾಸನೆಗೆ ಸಾಯುತ್ತವೆಂದು ಅವಳು ತೊಟ್ಟಿಯನ್ನು ಹೊತ್ತು ಛಾವಣಿಗೆ ಹೋಗಿ, ಬಿಸಿಲು ತಾಗದಂತೆ ಅಮ್ಮನ ಒಳ್ಳೇ ದುಪ್ಪಟಾ ಕಟ್ಟಿ, ಇಡೀ ರಜೆ ಅಲ್ಲೇ ಕಳೆದದ್ದು ಹೇಳಿದೆ. ಸತ್ತ ಇರುವೆಗಳನ್ನು ಅವು ಒಂದೇ ಮೂಲೆಗೆ ಹೊತ್ತುಹಾಕುತ್ತವೆ, ಆ ಮೂಲೆ ಯಾವುದೆಂದು ಅವಳು ಮೊದಲೇ ಹೇಳಬಲ್ಲಳು ಎಂದೆ. ಮೇಡಂ ನಡುನಡುವೆ ಕೇಳುತ್ತಿದ್ದರು, ನಾನು ಹೇಳುತ್ತಲೇ ಇದ್ದೆ.

ಕೊನೆಗೆ ಅವರು ಬೆಕ್ಕಿನ ಕಿವಿ ಸವರುತ್ತ ಅಂದರು, "ಚೆನ್ನಾಗಿದೆ. ಆದ್ರೆ ಈ ಇರುವೆಗಳು ನಿನ್ನವಲ್ಲ. ಯಾರವು?"

"ನನ್ನವೇ."

"ಮಾತಿಗೊಂದು ಸಲ 'ಅವಳು, ಅವಳು' ಅಂತಿದೀಯ. ಕನ್ನಡಕ ತಲೆ ಮೇಲಿಟ್ಟುಕೊಂಡು ಆಚೆ ಗೋಡೆಯ ಕ್ಯಾಲೆಂಡರ್ ಓದ್ತಿದೀಯ."

ನನ್ನ ವೃತ್ತಿಜೀವನದಲ್ಲಿ ಇಂಥ ಅವಮಾನ ಇದೇ ಮೊದಲು. "ಅಕ್ಕನವು," ಅಂದೆ.

"ಹಾಗಾದ್ರೆ ಅಕ್ಕ ಬರಲಿ. ಬದಲಿಗೆ ಬಂದವರಿಗೆ ನಾನು ಸಲಹೆ ಕೊಡಲ್ಲ. ನಿನಗೆ ಬೇಕು ಅನ್ನಿಸಿದಾಗ ನಿನ್ನ ಕಣ್ಣಲ್ಲೇ ಬಾ."

ಮೆಟ್ಟಿಲ ಮೇಲೆ ಅಪ್ಪನಿಗೆ ಎಲ್ಲ ಹೇಳಿದೆ. ಅವನ ಮುಖ ಅರಳಿತು. "ಹೇರಿದ ಭಾರ ಸರಿಯಿಲ್ಲ ಅಂದ್ರೆ ಬಾಗಿಲೇ ಹಾಕ್ಕೊಳ್ಳಲ್ಲ, ಅಲ್ವಾ? ಇದೇ ಒಳ್ಳೇ ಲಿಫ್ಟು!"

ಮಾರ್ಚ್ 20

ಅಕ್ಕ ಬರುವುದಿಲ್ಲವಂತೆ.

"ನನ್ನ ಇರುವೆ ಇಟ್ಕೊಂಡು ಮೂರು ಮೂರು ಕಡೆ ತಮಾಷೆ ಮಾಡ್ಕೊಂಡು ಬಂದ್ಯಾ? ಬಾಯಿಗೆ ಬಂದಿದ್ದು ಹೇಳು ಅಂದ್ರೆ ಅದೇ ಬೇಕಿತ್ತಾ ನಿನಗೆ?"

ಮೂರನೆಯ ಕಡೆ ತಮಾಷೆಯಾಗಿರಲಿಲ್ಲ ಎಂದು ಹೇಳಿದೆ. ನಂಬಲಿಲ್ಲ. ಅವಳ ತಪ್ಪಲ್ಲ. ತೋಳ ಬಂತು ತೋಳ ಎಂದು ಇಷ್ಟು ವರ್ಷ ಕೂಗಿದವಳು ನಾನೇ.

ಬಾಲ್ಕನಿಯ ಬಾಗಿಲಿಗೆ ಆಚೆಯಿಂದ ಚಿಲಕ.

ಮಾರ್ಚ್ 22, ಶುಕ್ರವಾರ

ನಿಜ ಹೇಳಿದರೆ ನಂಬದವರಿಗೆ ಸುಳ್ಳೇ ಮದ್ದು. ಮೂರು ಹೊತ್ತು ಯೋಚಿಸಿ ಒಂದನ್ನು ಆರಿಸಿದೆ. ಊಟದ ಮೇಜಿನ ಮುಂದೆ, ಅಪ್ಪನಿಗೆ ಹೇಳುವಂತೆ, ಅಕ್ಕನಿಗೆ ಕೇಳುವಂತೆ ಶುರುಮಾಡಿದೆ.

"ಬೆಕ್ಕಿನ ಮೇಡಂ ಒಂದು ಕಷ್ಟದ ಪ್ರಶ್ನೆ ಕೇಳಿದ್ರು ಅಪ್ಪ. ಇಷ್ಟೊಂದು ಇರುವೆಗಳಿಗೆ ಕೆಲಸ ಹಂಚೋದು ಯಾರು ಅಂತ. ನಾನು ಬಿಡ್ತೀನಾ? ರಾಣಿ ಇರುವೆ ಬೆಳಿಗ್ಗೆ ಎದ್ದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಆಜ್ಞೆ ಕೊಡ್ತಾಳೆ ಅಂದೆ. ಅವರು ಬರ್ಕೊಂಡ್ರು."

ಅಕ್ಕನ ಚಮಚ ನಿಂತಿತು. "ಏನಂದೆ?"

"ರಾಣಿ ಆಜ್ಞೆ."

"ರಾಣಿ ಯಾವ ಆಜ್ಞೇನೂ ಕೊಡಲ್ಲ! ಮೊಟ್ಟೆ ಇಡ್ತಾಳೆ, ಅಷ್ಟೇ! ಯಾರೂ ಯಾರಿಗೂ ಆಜ್ಞೆ ಕೊಡಲ್ಲ, ಅದೇ ತಾನೇ ಅದರ ಸ್ವಾರಸ್ಯ! ನನ್ನ ಹೆಸರಲ್ಲಿ ಹೋಗಿ ಹೀಗೆ ಹೇಳಿ ಬಂದಿದೀಯಾ?"

"ನಿನ್ನ ಹೆಸರು, ನಿನ್ನ ಮಾರ್ಕ್ಸು, ನಿನ್ನ ಕನ್ನಡಕ. ಅವರಂತೂ ಒಪ್ಪಿಬಿಟ್ರು. ಬಿಡು, ಯಾರು ಕೇಳ್ತಾರೆ."

"ಬಿಡು ಅಂದ್ರೆ? ಬರ್ಕೊಂಡಿದಾರೆ ಅಂತೀಯ!" ಅಕ್ಕ ಎದ್ದೇಬಿಟ್ಟಳು. "ನಾಳೆ ಎಷ್ಟು ಹೊತ್ತಿಗೆ ತೆರೀತಾರೆ ಅವರು?"

ಅಪ್ಪ ನನ್ನನ್ನು ನೋಡಿದ. ನಾನು ಅತ್ಯಂತ ಭಕ್ತಿಯಿಂದ ಅನ್ನ ನೋಡಿದೆ.

ಮಾರ್ಚ್ 23, ಶನಿವಾರ

ಅಕ್ಕ ಒಳಗೆ. ನಾವು ಮೂವರು ಮೆಟ್ಟಿಲ ಮೇಲೆ. ಮೊದಲು ಅಕ್ಕನ ಸಿಟ್ಟಿನ ದನಿ. ಆಮೇಲೆ ಬರೀ ದನಿ. ಆಮೇಲೆ ಇಬ್ಬರ ನಗು. ಬೆಕ್ಕು ಹೊರಗೆ ಬಂದು ನಮ್ಮ ಜೊತೆ ಕೂತಿತು. ಪಾಪ, ಅದಕ್ಕೂ ಮಾತಿನ ನಡುವೆ ಜಾಗ ಸಿಕ್ಕಿರಲಿಲ್ಲ.

ಕೆಳಗಿನ ಕೊಡೆಯವರು ಊಟಕ್ಕೆ ಹೋಗಿ ಬಂದ ಮೇಲೆ ಬಾಗಿಲು ತೆರೆಯಿತು. "ಮೆಡಿಕಲ್ ಬೇಡ. ಜೀವಶಾಸ್ತ್ರಕ್ಕೆ ಅರ್ಜಿ ಹಾಕ್ತಾಳೆ," ಅಂದರು ಮೇಡಂ. "ಕೀಟಗಳ ವಿಭಾಗ ಗಟ್ಟಿಯಾಗಿರೋ ಕಾಲೇಜಿಗೆ."

"ಇರುವೆ ಓದಿ ಏನಾಗ್ತೀಯೇ?" ಅಮ್ಮ ಅಕ್ಕನನ್ನೇ ಕೇಳಿದಳು.

"ಗೊತ್ತಿಲ್ಲಮ್ಮ. ಓದಿ ಹೇಳ್ತೀನಿ."

ನಾನು ತಕ್ಷಣ ಕೆಳಗೆ ನೋಡಿದೆ. ಅಮ್ಮನ ಬಲಗಾಲು ಮೆಟ್ಟಿಲ ಮೇಲೆ ಸುಮ್ಮನಿತ್ತು.

ಬರುವಾಗ ಅಕ್ಕ ನನ್ನ ಕಿವಿ ಹಿಂಡಿದಳು. "ರಾಣಿ ವಿಷಯ ಅವರು ಕೇಳಿಯೇ ಇಲ್ವಂತೆ."

"ಮರೆತಿರಬೇಕು. ವಯಸ್ಸಾಯ್ತು."

ಏಪ್ರಿಲ್ 27

ಅರ್ಜಿ ಹೋಯಿತು. ಸಂದರ್ಶನ ಮೇ ಹದಿನಾಲ್ಕಕ್ಕೆ. ಅಕ್ಕನಿಗೆ ಅಭ್ಯಾಸ ಮಾಡಿಸಲು ಸಂದರ್ಶನ ಮಂಡಳಿಯ ಅಧ್ಯಕ್ಷೆ, ಸದಸ್ಯೆ ಮತ್ತು ಕೆಮ್ಮುವ ಸದಸ್ಯೆಯಾಗಿ ನಾನೇ ಕೂರುತ್ತಿದ್ದೇನೆ. ಇವತ್ತು ಅಕ್ಕ "ಯಾಕೆ" ಎಂಬ ಪ್ರಶ್ನೆಗೆ ಮತ್ತೆ ತಡವರಿಸಿದಳು. ಕೆಮ್ಮುವ ಸದಸ್ಯೆ ಕೆಮ್ಮು ಬಿಟ್ಟು, "ಛಾವಣಿ ಮೇಲೆ ದುಪ್ಪಟಾ ಕಟ್ಟಿದ್ದು ಹೇಳಮ್ಮ" ಅಂದಳು. ಅಕ್ಕ ಹೇಳಿದಳು. ಚೆನ್ನಾಗಿ ಹೇಳಿದಳು.

ಸಕ್ಕರೆ ಡಬ್ಬಿಯಲ್ಲಿ ಸಕ್ಕರೆಯೇ ಇದೆಯೆಂದು ಅಪ್ಪ ದೂರಿದ. ನನಗೆ ಪುರುಸೊತ್ತೆಲ್ಲಿ?

ಮೇ 14, ಮಂಗಳವಾರ

ಸಂದರ್ಶನದ ದಿನ.

ಕಾಲೇಜಿನ ಉದ್ದನೆಯ ಕಾರಿಡಾರು. ಅಕ್ಕನನ್ನು ಕರೆದರು. ಒಳಗೆ ಹೋದಳು. ಅವಳ ಹೆಗಲಿನಲ್ಲಿ ನೀಲಿ ಚೀಲ. ಬಾಗಿಲು ಮುಚ್ಚಿಕೊಳ್ಳುವಾಗ ಆ ನೀಲಿಯನ್ನು ನೋಡಿದೆ, ನೆನಪಾಯಿತು.

ಜಿರಳೆ.

ಯಾರೂ ಆ ಚೀಲ ಬಿಚ್ಚಿಸಿರಲಿಲ್ಲ. ಅರ್ಜಿಗೆ ಬೇಕಾದ ಪ್ರತಿಗಳೆಲ್ಲ ಅಪ್ಪನ ಹತ್ತಿರ ಮೊದಲೇ ಇದ್ದವು. ಇವತ್ತು ಒಳಗೆ ಮೊದಲ ಮಾತೇ "ಸರ್ಟಿಫಿಕೇಟ್ ತೋರಿಸು" ಅಂತಿರುತ್ತದೆ. ಓಡಿ ಹೋಗಿ ಬಾಗಿಲ ಹಿಡಿಕೆ ಹಿಡಿದೆ. ಬಾಗಿಲು ಕಾಯುವವರು ತಡೆದರು.

"ಒಳಗೆ ಹೋಗಬೇಕು, ಅಣ್ಣ. ಅಕ್ಕನ ಚೀಲದಲ್ಲಿ ಜಿರಳೆ ಇದೆ."

"ಸುಮ್ನೆ ಕೂತ್ಕೋ. ಜಿರಳೆ ಯಾರ ಚೀಲದಲ್ಲಿಲ್ಲ?"

ಒಳಗಿನಿಂದ ಯಾರೋ ಗಂಡಸು "ಅಯ್ಯಯ್ಯೋ!" ಎಂದು ಕಿರುಚಿದ್ದು ಸ್ಪಷ್ಟವಾಗಿ ಕೇಳಿತು. ಕುರ್ಚಿ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ನಾನು ಅಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಬೈಯುತ್ತಾಳೆಂದು ಕಾದೆ. ಅವಳು ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. "ಈಗ ನಮ್ಮ ಕಾಲಡಿ ಬ್ರೇಕ್ ಇಲ್ಲ. ಅವಳೇ ಓಡಿಸ್ಬೇಕು," ಅಂದಳು.

ಅಕ್ಕ ಹೊರಗೆ ಬಂದಾಗ ಮುಖ ಕೆಂಪಗಿತ್ತು. ಜಿರಳೆ ಕೈಯಲ್ಲಿತ್ತು.

"ಸರ್ಟಿಫಿಕೇಟ್ ಜೊತೆ ಮೇಜಿನ ಮೇಲೆ ಬಿತ್ತು. ಒಬ್ಬ ಸರ್ ಕುರ್ಚಿ ಸಮೇತ ಹಿಂದಕ್ಕೆ ಹೋದ್ರು." ಉಸಿರು ತೆಗೆದುಕೊಂಡಳು. "ಲೋಟದ ಪಕ್ಕದಲ್ಲೇ ಬಿದ್ದಿತ್ತು ಕಣೇ, ಕೋತಿ! ಲೋಟ ನೋಡ್ತಾ ಕೂರೋಣ ಅಂದ್ರೆ ಇದು ಕಾಣ್ಸುತ್ತೆ! ವಯಸ್ಸಾದ ಮೇಡಂ ಒಬ್ಬರು ಅದನ್ನ ಎತ್ತಿ ಹಿಡಿದು, 'ಇದರಲ್ಲಿ ಏನು ತಪ್ಪಿದೆ ಹೇಳು' ಅಂದ್ರು. ಕಾಲುಗಳೆಲ್ಲ ಎದೆಯಿಂದ ಹೊರಡಬೇಕು ಮೇಡಂ, ಮಾಡಿದವರು ಎರಡನ್ನ ಹೊಟ್ಟೆಗೆ ಅಂಟಿಸಿದಾರೆ ಅಂದೆ. ಅಲ್ಲಿಂದ ಇರುವೆಗೆ ಬಂತು. ಅಲ್ಲಿಂದ ಛಾವಣಿಗೆ. ಯಾಕೆ ಅಂತ ಅವರು ಕೇಳೋದಕ್ಕೆ ನಾನು ಬಿಡಲೇ ಇಲ್ಲ."

ಬೈಯಲು ಬಾಯಿ ತೆರೆದವಳು ಜಿರಳೆಯನ್ನು ನನ್ನ ಜೇಬಿಗೆ ಹಾಕಿದಳು. ನಾನು ಅಳಲಿಲ್ಲ. ಕಾರಿಡಾರಿನಲ್ಲಿ ಧೂಳು ವಿಪರೀತ.

ಜೂನ್ 30, ಭಾನುವಾರ

ಸೀಟು ಸಿಕ್ಕಿದ್ದು, ಅಪ್ಪ ಕೆಲಸ ಮಾಡುತ್ತಿದ್ದ ಲಿಫ್ಟಿನ ಒಳಗೇ ಕುಣಿದು ಅದನ್ನು ಎರಡು ಮಹಡಿಗಳ ನಡುವೆ ನಿಲ್ಲಿಸಿದ್ದು, ಅಕ್ಕ ಇವತ್ತು ಬೆಳಿಗ್ಗೆ ಹಾಸ್ಟೆಲಿಗೆ ಹೋದದ್ದು, ಇವೆಲ್ಲ ಬೇರೆಯವರು ಬರೆಯಲಿ. ನಾನು ಅಧಿಕೃತ ವಿಷಯವನ್ನಷ್ಟೇ ದಾಖಲಿಸುತ್ತೇನೆ: ಹಾಸ್ಟೆಲಿನಲ್ಲಿ ತೊಟ್ಟಿ ಇಡುವಂತಿಲ್ಲವಾದ್ದರಿಂದ ಇರುವೆಗಳ ಉಸ್ತುವಾರಿಯನ್ನು ತಾತ್ಕಾಲಿಕವಾಗಿ ನನಗೆ ವಹಿಸಲಾಗಿದೆ. ಇದು ಕೇವಲ ಕರ್ತವ್ಯ. ಆಸಕ್ತಿ ಎಂದು ಯಾರೂ ತಪ್ಪು ತಿಳಿಯಬಾರದು.

ಮಧ್ಯಾಹ್ನದಿಂದ ಒಬ್ಬ ಮುದುಕಿ ಇರುವೆ ತನಗಿಂತ ದೊಡ್ಡ ಬ್ರೆಡ್ ಚೂರನ್ನು ಎಳೆಯುತ್ತಿದ್ದಾಳೆ. ಸಂದಿಯಲ್ಲಿ ಸಿಕ್ಕಿಕೊಂಡಾಗ ಇನ್ನಿಬ್ಬರು ಬಂದರು. ಕರೆದವರು ಯಾರು, ಹೇಗೆ? ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಗೆಳತಿಯರು ಸಿಕ್ಕಿರಬೇಕು. ಇರಲಿ, ಬೆಕ್ಕಿನ ಮೇಡಂ ಹತ್ತಿರ ಕೇಳಿದರಾಯಿತು. ಕನ್ನಡಕವಿಲ್ಲದೆ ಬಾ ಅಂದಿದ್ದರಲ್ಲ.

ಸಂಜೆ ಅವುಗಳಿಗೆ ಸಕ್ಕರೆ ನೀರು ಕಲಸಿದೆ. ತೊಟ್ಟಿಗೆ ಇಡುವ ಮೊದಲು ಒಂದು ತೊಟ್ಟು ನಾಲಿಗೆಗೆ ಹಾಕಿ ನೋಡಿದೆ. ಈ ಮನೆಯಲ್ಲಿ ಡಬ್ಬಿಗಳನ್ನು ನಂಬುವಂತಿಲ್ಲ. ಸಕ್ಕರೆಯೇ.